ಶಿರಸಿಯಲ್ಲಿ ಅಪ್ಪಂಗೆ ಸ್ಟ್ರೋಕ್, ಸಿಟಿ ಸ್ಕ್ಯಾನ್ ಮರುದಿನ ಮಾಡಿದ್ರು, ಕೇಸ್ ಹಾಕ್ಬಹುದಾ?

ಬಾಯಿ ಸೊಟ್ಟ ಆಗಿದ್ರೂ ಆಸ್ಪತ್ರೆಯವ್ರು ಸುಸ್ತು ಅಂತ ಡ್ರಿಪ್ ಹಾಕಿ ಮಲಗ್ಸಿದ್ದೇ ಎಡವಟ್ಟು ಅನ್ಸ್ತದೆ. ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾಗಿ 4.5 ಗಂಟೆಯೊಳಗೆ, ಅದೂ ಸ್ಕ್ಯಾನ್ ಆದ್ಮೇಲೇ ಕೊಡೂದು. ಆದ್ರೆ ಮೆದುಳಲ್ಲಿ ಬ್ಲೀಡಿಂಗ್ ಆಗಿದ್ರೆ ಅದನ್ನ ಕೊಡೂ ಹಾಗೇ ಇಲ್ಲ, ಹಾಗಾಗಿ ರಿಪೋರ್ಟ್ ನೋಡದೆ ಕೇಸ್ ನಿಲ್ತದೆ ಅಂತ ಹೇಳ್ಲಿಕ್ಕಾಗೂದಿಲ್ಲ.

ಮೊದ್ಲು ಕೇಸ್ ಶೀಟ್, ನರ್ಸ್ ನೋಟ್ಸ್, ಸ್ಕ್ಯಾನ್ ಕಾಪಿ ಬೇಕು ಅಂತ ಬರೆದುಕೊಟ್ಟು ಸೀಲ್ ಹಾಕಿಸ್ಕೊಳ್ಳಿ, 72 ಗಂಟೆಯೊಳಗೆ ಕೊಡ್ಬೇಕು ಅಂತ ರೂಲ್ಸ್ ಇದೆ (ಬಾಯಲ್ಲಿ ಕೇಳಿದ್ರೆ ನಾಳೆ ಬನ್ನಿ ಅಂತಾರೆ ಅಷ್ಟೇ). ಅದನ್ನ ಹುಬ್ಬಳ್ಳಿ ಇಲ್ಲಾ ಮಣಿಪಾಲದಲ್ಲಿ ಬೇರೆ ನ್ಯೂರಾಲಜಿಸ್ಟ್ (ಮೆದುಳು-ನರದ ಡಾಕ್ಟರ್) ಹತ್ರ ತೋರ್ಸಿ ಅಭಿಪ್ರಾಯ ಬರೆಸ್ಕೊಳ್ಳಿ, ಅದಿಲ್ದೆ ವಕೀಲರ ಹತ್ರ ಹೋಗಿ ಪ್ರಯೋಜನ ಕಮ್ಮಿ. ಆ ಡಾಕ್ಟರ್ ತಪ್ಪಾಗಿದೆ ಅಂದ್ರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಿ, ಬಿಲ್ ಕಾಪಿ ಜೊತೆಗಿರ್ಲಿ.