ದೊಡ್ಡ ನಾಯಿ ಚಾವಡಿಯಲ್ಲೇ ಉಚ್ಚೆ ಹೊಯ್ದರೆ

ಅಕ್ಕ, ನೀವು ಬರೆದದ್ದು ಓದಿದೆ. ನಾಲ್ಕು ವರ್ಷದ ಹೆಣ್ಣು ನಾಯಿ, ಪೇಟೆಯ ಮನೆಯಲ್ಲಿ ಗೂಡಿನೊಳಗೇ ಬೆಳೆದದ್ದು, ಬದಿಯಡ್ಕದ ನಿಮ್ಮ ಮನೆಗೆ ಬಂದು ಒಂದು ತಿಂಗಳು. ಅಂಗಳಕ್ಕೆ ಬಿಟ್ಟರೆ ಸುತ್ತಾಡಿ ಬರುತ್ತದೆ, ಒಳಗೆ ಬಂದ ಕೂಡಲೇ ಚಾವಡಿಯಲ್ಲಿ ಉಚ್ಚೆ. ಮನೆಯವರು ಹಠ ಅನ್ನುತ್ತಾರೆ ಅಂದಿರಿ. ಹಠ ಅಲ್ಲವೇ ಅಲ್ಲ.

ಗೂಡಿನಲ್ಲಿ ಅದರ ಕಾಲಡಿ ಯಾವಾಗಲೂ ಇದ್ದದ್ದು ಸಿಮೆಂಟು. ಎಲ್ಲಿ ಹೊಯ್ಯಬೇಕು ಅನ್ನುವುದು ನಾಯಿಯ ಅಂಗಾಲಿಗೆ ಅಭ್ಯಾಸ ಆಗಿರುತ್ತದೆ. ಮಣ್ಣಿನಲ್ಲಿ ಬೆಳೆದದ್ದು ಮಣ್ಣನ್ನು ಹುಡುಕುತ್ತದೆ, ಸಿಮೆಂಟಿನಲ್ಲಿ ಬೆಳೆದದ್ದಕ್ಕೆ ನಿಮ್ಮ ಚಾವಡಿಯ ನೆಲವೇ ಸರಿಯಾದ ಜಾಗ. ಈಗ ಅದಕ್ಕೆ ಮಣ್ಣಿನ ರೂಢಿ ಮಾಡಿಸಬೇಕು, ಅಷ್ಟೇ.

ಆದರೆ ಮೊದಲು ಮೃಗಾಸ್ಪತ್ರೆಗೆ ಹೋಗಿ ಬನ್ನಿ. ಮೂತ್ರಕೋಶದ ಸೋಂಕು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಯಾವ ತರಬೇತಿಯೂ ನಿಲ್ಲುವುದಿಲ್ಲ. ಬೆಳಿಗ್ಗೆಯ ಮೊದಲ ಉಚ್ಚೆಯನ್ನು ಉದ್ದ ಹಿಡಿಯ ಹಳೆ ಸೌಟಿನಲ್ಲಿ ಹಿಡಿದು, ತೊಳೆದು ಒಣಗಿಸಿದ ಬಾಟಲಿಗೆ ಹಾಕಿ ತಡಮಾಡದೆ ಒಯ್ಯಿರಿ. ಅದು ಕುಳಿತ ಮೇಲೆ ಹಿಂದಿನಿಂದ ಮೆಲ್ಲ ಸೌಟು ಸರಿಸಿದರೆ ಆಯಿತು. ಮಲಗಿದಲ್ಲೇ ಗೊತ್ತಿಲ್ಲದೆ ಒದ್ದೆ ಆಗುತ್ತಿದ್ದರೆ ಅದನ್ನೂ ಹೇಳಿ. ಮರಿ ಆಗದಂತೆ ಆಪರೇಷನ್ ಆದ ಹೆಣ್ಣು ನಾಯಿಗಳಲ್ಲಿ ಹಾಗೆ ಆಗುವುದುಂಟು, ಅದಕ್ಕೆ ಮದ್ದು ಇದೆ. ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಂದು ದಿನವೂ ಕಾಯಬೇಡಿ. ನಮ್ಮ ಕಡೆ ಉಣ್ಣಿ ಜಾಸ್ತಿ, ಉಣ್ಣಿಯಿಂದ ಬರುವ ಜ್ವರದಲ್ಲಿ ಹಾಗಾಗುತ್ತದೆ.

ರೋಗ ಇಲ್ಲ ಅಂತಾದರೆ ಜಾಗ ಮಾಡಿ. ಈ ಮಳೆಯಲ್ಲಿ ಅದು ಅಂಗಳದ ನಡುವೆ ನಿಂತು ಹೊಯ್ಯುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಬೆನ್ನಿಗೆ ಹನಿ ಬಿದ್ದರೆ ತುಂಬ ನಾಯಿಗಳು ತಡೆಹಿಡಿಯುತ್ತವೆ. ಹಟ್ಟಿಯ ಮಾಡಿನ ಅಡಿಯೋ, ಕಟ್ಟಿಗೆ ಕೊಟ್ಟಿಗೆಯ ಬದಿಯೋ, ನೀರು ಬೀಳದ ಕಡೆ ನಾಲ್ಕು ಬುಟ್ಟಿ ಮಣ್ಣು ಹಾಕಿ, ಮೇಲೆ ತೋಟದ ಒಣ ತರಗೆಲೆ ಹರಡಿ. ಚಾವಡಿಯ ಉಚ್ಚೆ ಒರೆಸಿದ ಬಟ್ಟೆಯನ್ನು ಒಮ್ಮೆ ಅಲ್ಲಿ ಹಿಂಡಿ. ಆ ವಾಸನೆಯೇ ಅದಕ್ಕೆ ಗುರುತು.

ಎದ್ದ ಕೂಡಲೇ, ಊಟ ಆಗಿ ಅರ್ಧ ಗಂಟೆಯೊಳಗೆ, ಮಧ್ಯಾಹ್ನದ ನಿದ್ದೆ ಮುಗಿದಾಗ, ರಾತ್ರಿ ಮಲಗುವ ಮೊದಲು, ಶುರುವಿಗೆ ನಡುವೆ ಮೂರು ಗಂಟೆಗೊಮ್ಮೆ ಹಗ್ಗ ಕಟ್ಟಿಯೇ ಅಲ್ಲಿಗೆ ಕರೆದೊಯ್ಯಿರಿ. ಅದೇ ಬಾಗಿಲು, ಅದೇ ದಾರಿ. ಹತ್ತು ನಿಮಿಷ ಮಾತಿಲ್ಲದೆ ನಿಲ್ಲಿ. ಹೊಯ್ದು ಮುಗಿಸಿದ ಕ್ಷಣವೇ ಬೇಯಿಸಿದ ಮೊಟ್ಟೆಯದ್ದೋ ಚಪಾತಿಯದ್ದೋ ಒಂದು ತುಂಡು ಕೊಡಿ. ಒಳಗೆ ಬಂದು ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತು ಅಂತ ತಿಳಿಯುತ್ತದೆ. ಆಮೇಲೆ ಸ್ವಲ್ಪ ಹೊತ್ತು ಅಲ್ಲೇ ಓಡಾಡಲು ಬಿಡಿ. ಹೊಯ್ದ ತಕ್ಷಣ ಒಳಗೆ ಎಳೆದರೆ, ಹೊರಗೆ ಇರಬೇಕೆಂಬ ಆಸೆಯಿಂದ ಮುಂದಿನ ಸಲ ತಡ ಮಾಡುತ್ತದೆ.

ಹೊಯ್ಯಲಿಲ್ಲವಾ? ಒಳಗೆ ಬಂದ ಮೇಲೂ ಹಗ್ಗ ಬಿಡಬೇಡಿ, ನಿಮ್ಮ ಪಕ್ಕದಲ್ಲೇ ಇರಲಿ. ಕಾಲು ಗಂಟೆ ಬಿಟ್ಟು ಮತ್ತೆ ಹೋಗಿ. ನೆಲ ಮೂಸುತ್ತಾ ಸುತ್ತು ಹಾಕಿದರೆ ಆಗಲೇ ಏಳಿ. ಕಣ್ಣು ತಪ್ಪಿಸಿ ಚಾವಡಿಯಲ್ಲಿ ಬಿಟ್ಟಷ್ಟೂ ಹಳೆ ಅಭ್ಯಾಸ ಗಟ್ಟಿ ಆಗುತ್ತದೆ. ಊಟಕ್ಕೆ ಹೊತ್ತು ಇಡಿ, ನೀರು ಮಾತ್ರ ಕಡಿಮೆ ಮಾಡಬೇಡಿ.

ಇನ್ನು ಫಿನಾಯಿಲು. ಎಲ್ಲರೂ ಅದನ್ನೇ ಹಾಕುವುದು, ಆದರೆ ನಮ್ಮ ಮೂಗಿಗೆ ವಾಸನೆ ಮುಚ್ಚುತ್ತದೆ ಹೊರತು ನಾಯಿಯ ಮೂಗಿಗಲ್ಲ. ಅದನ್ನು ನೆಕ್ಕಿದರೆ ವಿಷ ಬೇರೆ. ಉಚ್ಚೆಯ ವಾಸನೆಯನ್ನೇ ಒಡೆದುಹಾಕುವ, ಸಾಕುಪ್ರಾಣಿಗಳಿಗೆಂದೇ ಸಿಗುವ ಎಂಜೈಮ್ ದ್ರಾವಣ ತರಿಸಿ, ಬಾಟಲಿಯಲ್ಲಿ ಹೇಳಿದಷ್ಟು ಹೊತ್ತು ನೆಲದಲ್ಲಿ ನೆನೆಯಲು ಬಿಟ್ಟು ಆಮೇಲೆ ಒರೆಸಿ. ಕಾವಿ ನೆಲಕ್ಕೆ ವಿನೆಗರ್ ಬೇಡ, ಸಿಮೆಂಟು ತಿನ್ನುತ್ತದೆ.

ಮೂತಿಯನ್ನು ಉಚ್ಚೆಗೆ ಒತ್ತಿ ಹೊಡೆಯುವ ಸಲಹೆಯನ್ನು ನಿಮ್ಮ ಪ್ರಶ್ನೆಗೆ ಉತ್ತರವಾಗಿ ಇಬ್ಬರು ಕೊಟ್ಟಿದ್ದಾರೆ. ದಯವಿಟ್ಟು ಮಾಡಬೇಡಿ ಅಕ್ಕ. ಮನುಷ್ಯರ ಎದುರು ಹೊಯ್ದರೆ ಪೆಟ್ಟು ಅಂತ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಆಮೇಲೆ ಹಗ್ಗ ಹಿಡಿದು ಎಷ್ಟು ಹೊತ್ತು ನಿಂತರೂ ಹೊಯ್ಯದೆ, ಬಂದು ಮಂಚದ ಅಡಿ ಹೊಯ್ಯುತ್ತದೆ. ಕಣ್ಣೆದುರೇ ಹೊಯ್ಯತೊಡಗಿದರೆ ಚಪ್ಪಾಳೆ ತಟ್ಟಿ ಹೊರಗೆ ಕರೆದೊಯ್ಯಿರಿ, ಸಾಕು.

ಹೊಯ್ದ ಹೊತ್ತು, ಜಾಗ ಎರಡನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡು ವಾರದ್ದು ಇಲ್ಲಿ ಹಾಕಿ. ಯಾವ ಹೊತ್ತಿಗೆ ತಪ್ಪುತ್ತಿದೆ ನೋಡಿ, ಕರೆದೊಯ್ಯುವ ಹೊತ್ತನ್ನು ಆ ಪ್ರಕಾರ ಬದಲಿಸೋಣ.