ಹಳೆಯ ಬ್ಯಾಂಡ್ ಸಾ ತಂದಿದ್ದೇನೆ, ಕೈಗೆ ಅಪಾಯ ಆಗದ ಹಾಗೆ ಓಡಿಸುವುದು ಹೇಗೆ?

ಸಿಂಧನೂರಿನಲ್ಲಿ ಬಾಗಿಲು, ಚೌಕಟ್ಟು ಮಾಡುವ ಸಣ್ಣ ಅಂಗಡಿ ಇದೆ, 18 ಇಂಚಿನ ಸೆಕೆಂಡ್ ಹ್ಯಾಂಡ್ ಬ್ಯಾಂಡ್ ಸಾ (ಮೇಲೆ ಕೆಳಗೆ ಎರಡು ಗಾಲಿಗೆ ಪಟ್ಟಿಯಂಥ ಬ್ಲೇಡ್ ಸುತ್ತಿ ಓಡುವ ಗರಗಸ) ತಂದಿದ್ದೇನೆ ಅಂತ ಬರೆದಿದ್ದೀರಿ. ಇಷ್ಟು ದಿನ ರೌಂಡ್ ಬ್ಲೇಡಿನ ಮೆಷಿನ್ ಮೇಲೆ ಕೆಲಸ ಮಾಡಿದವರಿಗೆ ಇದು ಸೇಫ್ ಅಂತಾರೆ, ನಿಜವಾ ಅಂತ ಕೇಳಿದ್ದೀರಿ. ನಾನು ಕೊಪ್ಪಳದವನು. 19 ವರ್ಷದಿಂದ ಬ್ಯಾಂಡ್ ಸಾ ಮೇಲೆ ಕೆಲಸ ಮಾಡುತ್ತಿದ್ದೇನೆ. ಚೌಕಟ್ಟು ಕೊಯ್ಯುತ್ತೇನೆ, ಕಿನ್ನಾಳದ ಗೊಂಬೆ ಮಾಡುವವರಿಗೆ ಹಗುರ ಮರದ ತುಂಡು ಕೊಯ್ದು ಕೊಡುತ್ತೇನೆ.

ಅವರು ಹೇಳುವುದು ಅರ್ಧ ನಿಜ. ಈ ಬ್ಲೇಡ್ ಮೇಲಿಂದ ಕೆಳಕ್ಕೆ ಓಡುತ್ತದೆ, ಮರವನ್ನು ಟೇಬಲ್‌ಗೆ ಒತ್ತಿ ಹಿಡಿಯುತ್ತದೆ. ರೌಂಡ್ ಬ್ಲೇಡಿನ ಹಾಗೆ ಹಲಗೆಯನ್ನು ತಿರುಗಿ ನಿಮ್ಮ ಹೊಟ್ಟೆಗೆ ಎಸೆಯುವುದಿಲ್ಲ. ಸದ್ದೂ ಕಡಿಮೆ. ಹಾಗಾಗಿಯೇ ನಾಲ್ಕು ದಿನದಲ್ಲಿ ಕೈಗೆ ಹೆದರಿಕೆ ಹೋಗುತ್ತದೆ, ಬೆರಳು ತಾನಾಗಿ ಬ್ಲೇಡಿನ ಹತ್ತಿರ ಸರಿಯುತ್ತದೆ. ಲೆಕ್ಕ ಹಾಕಿ ನೋಡಿ. ನಿಮ್ಮ 18 ಇಂಚಿನ ಗಾಲಿ ನಿಮಿಷಕ್ಕೆ 700 ಸುತ್ತು ತಿರುಗಿದರೆ ಬ್ಲೇಡ್ ಸೆಕೆಂಡಿಗೆ 55 ಅಡಿ ಓಡುತ್ತದೆ. ಇಂಚಿಗೆ 4 ಹಲ್ಲಿನ ಬ್ಲೇಡ್ ಆದರೆ ಒಂದು ಸೆಕೆಂಡಿನಲ್ಲಿ 2,600 ಹಲ್ಲು ದಾಟಿ ಹೋಗುತ್ತವೆ. ಕೈ ಹಿಂದೆ ಎಳೆದುಕೊಳ್ಳಲು ಸಮಯವೇ ಇರುವುದಿಲ್ಲ.

ನನ್ನ ಎಡಗೈ ತೋರುಬೆರಳಿನ ತುದಿ ಇಲ್ಲ. ಗಂಗಾವತಿಯಲ್ಲಿ ಒಂದು ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಾಗ ಆದದ್ದು. ಗುದ್ದಲಿ ಕಾವಿಗೆ ಅಂತ ತಂದ ಜಾಲಿ ಕೊಂಬೆ, ದುಂಡಗೆ ಇತ್ತು. ಅದನ್ನು ಅಡ್ಡ ಕೊಯ್ದು ಎರಡು ಮಾಡಬೇಕಿತ್ತು. ಕೈಯಲ್ಲೇ ಹಿಡಿದು ತಳ್ಳಿದೆ. ಬ್ಲೇಡ್ ತಾಗಿದ ಕೂಡಲೇ ಕೊಂಬೆ ಗಿರ್ರನೆ ಉರುಳಿತು, ಅದರ ಜೊತೆ ನನ್ನ ಬೆರಳನ್ನೂ ಎಳೆದುಕೊಂಡು ಹೋಯಿತು. ನೋವು ಗೊತ್ತಾಗುವ ಮೊದಲು ರಕ್ತ ಕಂಡಿತು.

ಯಾಕೆ ಉರುಳಿತು ಅಂತ ನನಗೆ ಎಷ್ಟೋ ದಿನದ ಮೇಲೆ ಅರ್ಥವಾಯಿತು. ದುಂಡು ಮರ ಟೇಬಲ್‌ಗೆ ಒಂದು ಗೆರೆಯಷ್ಟೇ ತಾಗಿರುತ್ತದೆ. ಬ್ಲೇಡ್ ಮೊದಲು ಕಚ್ಚುವ ಬದಿಯ ಕೆಳಗೆ ಏನೂ ಆಧಾರ ಇಲ್ಲ, ಖಾಲಿ. ಹಲ್ಲು ಆ ಬದಿಯನ್ನು ಕೆಳಕ್ಕೆ ಒತ್ತಿದರೆ ಅದು ಉರುಳದೆ ಏನು ಮಾಡುತ್ತದೆ? ಆದ್ದರಿಂದ ದುಂಡು ಮರವನ್ನು ಬರೀ ಕೈಯಲ್ಲಿ ಯಾವತ್ತೂ ಕೊಯ್ಯಬೇಡಿ. ಎರಡು ಹಲಗೆಯನ್ನು ಓರೆಯಾಗಿ ಸೇರಿಸಿ ತೊಟ್ಟಿಲ ಹಾಗೆ ಒಂದು ಆಸರೆ ಮಾಡಿಕೊಳ್ಳಿ, ಮರ ಅದರಲ್ಲಿ ಕೂರಬೇಕು. ಉದ್ದಕ್ಕೆ ಸೀಳುವುದಾದರೆ ಮರವನ್ನು ಒಂದು ಚಪ್ಪಟೆ ಹಲಗೆಗೆ ಸ್ಕ್ರೂ ಹೊಡೆದು ಬಿಗಿದು, ಹಲಗೆ ಸಮೇತ ತಳ್ಳಿ. ಸ್ಕ್ರೂ ಬ್ಲೇಡಿನ ದಾರಿಯಲ್ಲಿ ಬರದ ಹಾಗೆ ನೋಡಿಕೊಳ್ಳಿ.

ಇನ್ನು ಮೇಲಿನ ಗೈಡ್, ಅಂದರೆ ಟೇಬಲ್ ಮೇಲ್ಗಡೆ ಬ್ಲೇಡನ್ನು ಅಲುಗದ ಹಾಗೆ ಹಿಡಿಯುವ ಭಾಗ. ಅದು ಮರದಿಂದ ಕಾಲು ಇಂಚು ಮೇಲಿದ್ದರೆ ಸಾಕು. ಪ್ರತಿ ಸಲ ಇಳಿಸುವುದು ಬೇಜಾರು ಅಂತ ಎಷ್ಟೋ ಅಂಗಡಿಗಳಲ್ಲಿ ಅದನ್ನು ಮೇಲಕ್ಕೇ ಏರಿಸಿ ಬಿಟ್ಟಿರುತ್ತಾರೆ. ಆರು ಇಂಚು ಬ್ಲೇಡ್ ಸುಮ್ನೆ ಬಯಲಾಗಿ ಓಡುತ್ತಿರುತ್ತದೆ. ಬೆರಳು ಹೋಗುವುದು ಅಲ್ಲೇ. ಗೈಡ್ ಇಳಿಸಿದರೆ ಬ್ಲೇಡ್ ಅಲುಗಾಡುವುದೂ ಕಡಿಮೆ, ಕೊಯ್ತ ನೇರ ಬರುತ್ತದೆ.

ಕೈ ಬ್ಲೇಡಿನ ನೇರಕ್ಕೆ ಇರಬಾರದು, ಎರಡು ಪಕ್ಕಕ್ಕೆ ಇರಬೇಕು. ಕೊನೆಯ ಮೂರ್ನಾಲ್ಕು ಇಂಚು ಇದ್ದಾಗ ತಳ್ಳುಕೋಲು ತಗೊಳ್ಳಿ. ಮರ ಮುಗಿಯುವ ಹೊತ್ತಿಗೆ ಒತ್ತಡ ಕಡಿಮೆ ಮಾಡಿ. ಜೋರಾಗಿ ತಳ್ಳುತ್ತಿದ್ದರೆ ಮರ ತಟ್ಟನೆ ಬಿಟ್ಟುಕೊಡುತ್ತದೆ, ಕೈ ಮುಂದಕ್ಕೆ ನುಗ್ಗುತ್ತದೆ. ಜೋರಾಗಿ ತಳ್ಳಬೇಕಾಗಿ ಬಂತು ಅಂದರೆ ಬ್ಲೇಡ್ ಮೊಂಡಾಗಿದೆ, ಬದಲಾಯಿಸಿ.

ನಮ್ಮ ಕಡೆಯವರು ಮುಖ್ಯವಾಗಿ ಗಮನಿಸಬೇಕಾದ್ದು ಕರೆಂಟ್. ಕೊಯ್ಯುತ್ತಿರುವಾಗ ಕರೆಂಟ್ ಹೋಗುತ್ತದೆ. ಬ್ಲೇಡ್ ನಿಂತಿದೆ ಅಂತ ಸಿಕ್ಕಿಕೊಂಡ ಚೂರು ತೆಗೆಯಲು ಕೈ ಹಾಕುತ್ತೀರಿ. ಸ್ವಿಚ್ ಆನ್‌ನಲ್ಲೇ ಇದೆ. ಕರೆಂಟ್ ಬಂತು ಅಂದರೆ? ಮೆಷಿನ್‌ಗೆ ಬರೀ ಸ್ವಿಚ್ ಇದ್ದರೆ ತೆಗೆಸಿ, ಕರೆಂಟ್ ಹೋದ ಕೂಡಲೇ ತಾನೇ ಬಿಟ್ಟುಕೊಳ್ಳುವ ಸ್ಟಾರ್ಟರ್ ಹಾಕಿಸಿ. ಹಸಿರು ಬಟನ್ ಮತ್ತೆ ಒತ್ತದೆ ಅದು ಶುರುವಾಗುವುದಿಲ್ಲ. ಹೊಲದ ಪಂಪ್‌ಸೆಟ್‌ಗೆ ಹಾಕುವ ಆಟೋ ಸ್ಟಾರ್ಟರ್ ಮನೆಯಲ್ಲಿ ಬಿದ್ದಿದೆ ಅಂತ ದಯವಿಟ್ಟು ಇದಕ್ಕೆ ಹಾಕಬೇಡಿ. ಕರೆಂಟ್ ಬಂದ ಕೂಡಲೇ ಮೋಟರ್ ಶುರು ಮಾಡುವುದೇ ಅದರ ಕೆಲಸ. ತ್ರೀ ಫೇಸ್ ಇದ್ದರೆ ಇನ್ನೊಂದು ವಿಷಯ. ಲೈನ್ ರಿಪೇರಿ ಆದಾಗ ಫೇಸ್ ಅದಲು ಬದಲಾದರೆ ಗಾಲಿ ಉಲ್ಟಾ ತಿರುಗುತ್ತದೆ, ಬ್ಲೇಡ್ ಮರವನ್ನು ಮೇಲಕ್ಕೆ ಎತ್ತುತ್ತದೆ. ರಿಪೇರಿ ಆದ ದಿನ ಮರ ಇಡದೆ ಒಂದು ಕ್ಷಣ ಓಡಿಸಿ, ಬ್ಲೇಡ್ ಕೆಳಕ್ಕೇ ಹೋಗುತ್ತಿದೆಯಾ ನೋಡಿ.

ಬ್ಲೇಡ್ ಹಾಕುವಾಗ ಮೊದಲು ಮೇನ್ ಆಫ್ ಮಾಡಿ. ಹಲ್ಲು ನಿಮ್ಮ ಕಡೆ, ಕೆಳಮುಖ ಇರಬೇಕು. ಬ್ಲೇಡ್ ಬಿಗಿ ಮಾಡಿ ಟೆನ್ಷನ್ ಕೊಟ್ಟ ಮೇಲೆ ಗಾಲಿಯನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ, ಬ್ಲೇಡ್ ಜಾಗ ಬಿಟ್ಟು ಸರಿಯುತ್ತದಾ ನೋಡಿ. ಆಮೇಲೆ ಮೆಷಿನ್‌ನ ಗಾಲಿ ಬಾಗಿಲು ಮುಚ್ಚಿ ಸ್ಟಾರ್ಟ್ ಮಾಡಿ. ಸುರುಳಿ ಸುತ್ತಿದ ಬ್ಲೇಡ್ ಬಿಚ್ಚುವಾಗ ಮಾತ್ರ ಗ್ಲೌಸ್ ಬೇಕು, ಅದು ಸ್ಪ್ರಿಂಗ್ ತರಹ ಚಿಮ್ಮುತ್ತದೆ. ಮೆಷಿನ್ ಓಡುವಾಗ ಗ್ಲೌಸ್ ಬೇಡ. ಹೆಗಲ ಮೇಲೆ ವಲ್ಲಿ, ಕೈಯಲ್ಲಿ ದಾರ, ಉಂಗುರ ಯಾವುದೂ ಬೇಡ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಬೇಸಿಗೆಯಲ್ಲಿ ಸೆಕೆ ಅಂತ ಫ್ಯಾನ್ ಎದುರಿಗೆ ಇಡಬೇಡಿ, ಮರದ ಹೊಟ್ಟು ಎಲ್ಲಾ ಕಣ್ಣಿಗೆ ಬರುತ್ತದೆ.

ತಿರುವು ಕೊಯ್ಯುವುದಾದರೆ ಅರ್ಧ ಇಂಚು ಅಗಲದ ಬ್ಲೇಡ್ ಎರಡೂವರೆ ಇಂಚು ರೇಡಿಯಸ್‌ಗಿಂತ ಚಿಕ್ಕ ತಿರುವಿಗೆ ಬಗ್ಗುವುದಿಲ್ಲ. ಬಲವಂತ ಮಾಡಿದರೆ ತುಂಡಾಗುತ್ತದೆ. ಚಿಕ್ಕ ತಿರುವಿಗೆ ಕಾಲು ಇಂಚಿನದು ಹಾಕಿ. ಮಧ್ಯದಲ್ಲಿ ಸಿಕ್ಕಿಕೊಂಡರೆ ಮರವನ್ನು ಹಿಂದಕ್ಕೆ ಎಳೆಯಬೇಡಿ, ಬ್ಲೇಡ್ ಗಾಲಿಯಿಂದ ಜಾರುತ್ತದೆ. ಆಫ್ ಮಾಡಿ, ಪೂರ್ತಿ ನಿಂತ ಮೇಲೆ ಬಿಡಿಸಿ.

ಹಳೆ ಮನೆಯ ಸಾಗವಾನಿ ತೊಲೆ, ಹೊಲದ ಬದುವಿನ ಬೇವು ಬಂದರೆ ಮೊದಲು ಆಯಸ್ಕಾಂತ ಆಡಿಸಿ ನೋಡಿ. ಮೊಳೆ ಇರುತ್ತದೆ. ಬದುವಿನ ಮರ ಬೇಲಿ ತಂತಿಯನ್ನು ನುಂಗಿ ಬೆಳೆದಿರುತ್ತದೆ. ಓಡುವಾಗ ಒಂದೇ ಲಯದಲ್ಲಿ ಟಿಕ್ ಟಿಕ್ ಅಂತ ಸದ್ದು ಬಂದರೆ ಬ್ಲೇಡ್ ಎಲ್ಲೋ ಬಿರುಕು ಬಿಟ್ಟಿರಬಹುದು, ಆಫ್ ಮಾಡಿ. ತುಂಡಾದರೆ ಆಫ್ ಮಾಡಿ ದೂರ ಸರಿಯಿರಿ, ಗಾಲಿ ನಿಲ್ಲುವವರೆಗೆ ಬಾಗಿಲು ತೆರೆಯಬೇಡಿ.

ಇದು ನಿಮಗೆ ಬೇಕಾಗದಿರಲಿ, ಆದರೂ ಹೇಳುತ್ತೇನೆ, ನನಗೆ ಆಗ ಯಾರೂ ಹೇಳಿರಲಿಲ್ಲ. ಬೆರಳು ತುಂಡಾದರೆ ಗಾಯಕ್ಕೆ ಸ್ವಚ್ಛ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡನ್ನು ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಐಸ್ ಮೇಲೆ ಇಡಿ. ತುಂಡನ್ನು ನೇರ ಐಸ್‌ಗೆ ಹಾಕಬಾರದು. 108ಕ್ಕೆ ಫೋನ್ ಮಾಡಿ. ನನ್ನದನ್ನು ಮರದ ಹೊಟ್ಟಿನ ರಾಶಿಯಲ್ಲಿ ಹುಡುಕಿ ತೆಗೆದು ನೇರ ಐಸ್‌ನಲ್ಲೇ ಹಾಕಿಕೊಂಡು ಹೋಗಿದ್ದೆವು, ಕೂಡಿಸಲು ಆಗಲಿಲ್ಲ.

ನಿಮ್ಮ ಮೆಷಿನ್‌ಗೆ ಯಾವ ಸ್ಟಾರ್ಟರ್ ಇದೆ, ಸಿಂಗಲ್ ಫೇಸಾ ತ್ರೀ ಫೇಸಾ ಅಂತ ಕೆಳಗೆ ಬರೆಯಿರಿ. ಗೈಡ್‌ನ ಒಂದು ಫೋಟೋ ಕೂಡ ಹಾಕಿ, ಸವೆದಿದೆಯಾ ನೋಡಿ ಹೇಳುತ್ತೇನೆ.