ಮಾತ್ರೆ ಎದೆಯಲ್ಲೇ ಕೂತರೆ?

ಪ್ರಶ್ನೆ: ನನಗೆ 62. ಶುಗರ್‌ಗೆ ದಪ್ಪನೆಯ ಮೆಟ್‌ಫಾರ್ಮಿನ್ ಮಾತ್ರೆ. ರಾತ್ರಿ ಒಂದು ಗುಟುಕು ನೀರಲ್ಲಿ ನುಂಗಿ ಮಲಗುತ್ತೇನೆ. ಎದೆಯಲ್ಲೇ ಅಂಟಿಕೊಂಡ ಹಾಗಾಗುತ್ತದೆ. ಪುಡಿ ಮಾಡಬಹುದಾ?
– ಓದುಗರು, ಮಂಡ್ಯ

ಉತ್ತರ: ಒಂದು ಗುಟುಕು ಎಲ್ಲಿ ಸಾಲುತ್ತದೆ? ಮೊದಲು ಗಂಟಲು ಒದ್ದೆ ಮಾಡಿ, ಆಮೇಲೆ ಮಾತ್ರೆ, ಮೇಲೊಂದು ಲೋಟ ನೀರು. ಅರ್ಧ ಗಂಟೆ ಮಲಗಬೇಡಿ. ಪುಡಿ ಮಾತ್ರ ಬೇಡ. ಹೆಸರಿನ ಪಕ್ಕ ಎಸ್‌ಆರ್, ಎಕ್ಸ್‌ಆರ್ ಅಂತಿದ್ದರೆ ಅದು ನಿಧಾನವಾಗಿ ಕರಗಬೇಕಾದದ್ದು; ಪುಡಿ ಮಾಡಿದರೆ ಔಷಧವೆಲ್ಲ ಒಟ್ಟಿಗೇ ಬಿಡುಗಡೆಯಾಗುತ್ತದೆ.

ಕ್ಯಾಪ್ಸೂಲ್ ಆದರೆ ಗದ್ದ ಎದೆಯತ್ತ ಬಗ್ಗಿಸಿ ನುಂಗಿ. ಅದು ಹಗುರ, ನೀರಲ್ಲಿ ತೇಲಿ ಗಂಟಲ ಕಡೆಗೆ ಹೋಗುತ್ತದೆ. ತಲೆ ಹಿಂದಕ್ಕೆ ಎಸೆಯುತ್ತಿದ್ದ ನಮ್ಮಮ್ಮ ಇದನ್ನು ನಂಬಲೇ ಇಲ್ಲ. ಮಾಡಿ ನೋಡಿ ಸುಮ್ಮನಾದರು.

ಅನ್ನ, ಮುದ್ದೆಯೂ ಸಿಕ್ಕಿಕೊಳ್ಳುತ್ತಿದ್ದರೆ ತಪ್ಪು ಮಾತ್ರೆಯದ್ದಲ್ಲ. ತಡ ಮಾಡದೆ ಡಾಕ್ಟರಿಗೆ ತೋರಿಸಿ.